ಪಾದ್ರಿಗಳಿಗೆ ಮಾತು ಕಲಿಸಿದವರು

ಜರ್ಮನ್ ಪಾದ್ರಿ ಕಿಟೆಲ್ ಹೆಸರು ಬಂದಾಗೆಲ್ಲ ಎರಡು ಮಾತು ಕೇಳಿಸುತ್ತವೆ. ಕನ್ನಡಕ್ಕೆ ನಿಘಂಟು ಕೊಟ್ಟ ಪುಣ್ಯಾತ್ಮ ಅಂತ ಒಂದು. ಬಂದಿದ್ದು ಮತಾಂತರಕ್ಕೆ ಅಲ್ವಾ ಅಂತ ಇನ್ನೊಂದು. ಎರಡರಲ್ಲೂ ಸುಳ್ಳಿಲ್ಲ. ಆದರೆ ಈ ಜಗ್ಗಾಟದಲ್ಲಿ ಒಂದು ಪ್ರಶ್ನೆ ಮೂಲೆಗೆ ಬಿದ್ದಿದೆ. ಯುರೋಪಿನಿಂದ ಬಂದ ಇಂಥ ಪಾದ್ರಿ ಹುಡುಗರಿಗೆ ನಮ್ಮ ಮಾತು ಕಲಿಸಿದವರು ಯಾರು?

ಇದು ಕಿಟೆಲ್ ಅವರಿಂದ ಶುರುವಾದದ್ದಲ್ಲ. 1579ರಲ್ಲಿ ಗೋವಾಕ್ಕೆ ಬಂದ ಥಾಮಸ್ ಸ್ಟೀಫನ್ಸ್ ಕೊಂಕಣಿ ಕಲಿತು ವ್ಯಾಕರಣ ಬರೆದರು. ಮರಾಠಿಯಲ್ಲಿ ಕ್ರಿಸ್ತನ ಕತೆಯನ್ನು ಪುರಾಣದ ಧಾಟಿಯಲ್ಲೇ ಕಟ್ಟಿದರು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರಲು ಕೂತರು. ಅವರ ಜೊತೆಗಿದ್ದ ವಿಲಿಯಂ ರೀವ್ ಅವರ ಕನ್ನಡ ನಿಘಂಟು 1832ರಲ್ಲಿ ಬಂತು.

ಮರುವರ್ಷ ಈಸ್ಟ್ ಇಂಡಿಯಾ ಕಂಪನಿಯ ಸನದು, ಅಂದರೆ ಅದರ ಪರವಾನಗಿ ಪತ್ರ, ಬದಲಾಯಿತು. ಬ್ರಿಟಿಷರಲ್ಲದ ಮಿಶನರಿಗಳಿಗೂ ಬಾಗಿಲು ತೆರೆಯಿತು. 1834ರ ಅಕ್ಟೋಬರ್ ಕೊನೆಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಮೂವರು ಮಂಗಳೂರಿಗೆ ಬಂದಿಳಿದರು: ಹೆಬಿಕ್, ಲೆಹ್ನರ್ ಮತ್ತು ಗ್ರೈನರ್. ಯಾವ ಭಾಷೆ ಕಲಿಯಬೇಕು ಅನ್ನೋದೇ ಮೊದಲ ಪೇಚು. ಕಚೇರಿ, ಶಾಲೆ ಅಂದರೆ ಕನ್ನಡ. ಅಂಗಡಿ ಬೀದಿಯಲ್ಲಿ ಕೊಂಕಣಿ. ಊರು ದಾಟಿ ಗದ್ದೆ ಬದುವಿಗೆ ಇಳಿದರೆ ತುಳು. ಮುನ್ಷಿಯ (ಭಾಷೆ ಕಲಿಸುವ ಮೇಷ್ಟರ) ಎದುರು ಕೂತು ಕಲಿತ ಕನ್ನಡ ಗದ್ದೆಯಲ್ಲಿ ಅಷ್ಟಾಗಿ ಓಡಲಿಲ್ಲ. ಗ್ರೈನರ್ ತುಳುವಿಗೆ ತಿರುಗಿದರು. 1841ರಲ್ಲಿ ಮಂಗಳೂರಿಗೆ ಕಲ್ಲಚ್ಚಿನ ಮುದ್ರಣಾಲಯ ಬಂತು. ಆ ದಶಕದಲ್ಲೇ ಬೈಬಲಿನ ಹೊಸ ಒಡಂಬಡಿಕೆ ತುಳುವಿನಲ್ಲಿ ಅಚ್ಚಾಯಿತು, ಕನ್ನಡ ಅಕ್ಷರದಲ್ಲಿ. ಇವತ್ತಿಗೂ ತುಳು ಪುಸ್ತಕಗಳು ಹೆಚ್ಚಾಗಿ ಕನ್ನಡ ಲಿಪಿಯಲ್ಲೇ ಇರುವುದಕ್ಕೆ ಇದೂ ಒಂದು ಕಾರಣ.

1836ರಲ್ಲಿ ಬಂದ ಅದೇ ಮಿಶನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ದಾಸರ ಪದ ಅಚ್ಚು ಹಾಕಿಸಿದವರೂ ಅವರೇ. ಅದೇ ಹೊತ್ತಿಗೆ ಮತಾಂತರದ ಗದ್ದಲವೂ ಏರಿತು. 1844ರಲ್ಲಿ ಸಾರಸ್ವತ ಹುಡುಗ ಆನಂದರಾವ್ ಕೌಂಡಿನ್ಯ ಕ್ರೈಸ್ತನಾದಾಗ ಮಂಗಳೂರು ಕುದಿಯಿತು. ಹಾಗೆ ಬಂದವರಲ್ಲಿ ಬಿಲ್ಲವರೇ ಜಾಸ್ತಿ. ಮೂರ್ತೆಯ (ಕಳ್ಳು ಇಳಿಸುವ) ಕಸುಬು, ಗೇಣಿ ಗದ್ದೆ, ನೆಂಟಸ್ತಿಕೆ ಕಳಕೊಂಡವರಿಗೆ ಹೊಟ್ಟೆಪಾಡಿನ ದಾರಿ ಬೇಕಿತ್ತು. ನೇಯ್ಗೆ ಶಾಲೆ ಬಂತು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ನಮ್ಮ ಮಾಡಿನ ಮೇಲಿನ ಮಂಗಳೂರು ಹೆಂಚಿಗೆ ಈ ಕತೆಯೂ ಅಂಟಿಕೊಂಡಿದೆ.

ಕಿಟೆಲ್ ಧಾರವಾಡಕ್ಕೆ ಬಂದದ್ದು 1853ರಲ್ಲಿ, 21ರ ಹರೆಯದಲ್ಲಿ. ಹಳ್ಳಿಗಳನ್ನು ನಡೆದೇ ಸುತ್ತಿದರು. ಅವರ ನಿಘಂಟು 1894ರಲ್ಲಿ ಮಂಗಳೂರಿನಿಂದ ಹೊರಬಂತು. ಸುಮಾರು 70 ಸಾವಿರ ಪದ. ಯಾವ ಪುಟ ತೆರೆದರೂ ಹಳೆಗನ್ನಡ ಕಾವ್ಯದ ಪಕ್ಕದಲ್ಲಿ ಗಾದೆ ಕೂತಿರುತ್ತದೆ. ಪದದ ಮುಂದೆ ಪುಟ್ಟ ಗುರುತುಗಳು: ಇದು ಮೈಸೂರು ಕಡೆಯದು, ಇದು ಧಾರವಾಡ ಸೀಮೆಯದು ಅಂತ. ಕಾವ್ಯ ಓಲೆಗರಿಯಲ್ಲಿ ಸಿಗುತ್ತದೆ. ಗಾದೆ ಹಾಗಲ್ಲ. ಅದನ್ನು ಯಾರೋ ಹೇಳಬೇಕು, ಯಾವಾಗ ಹೇಳುತ್ತಾರೆ ಅಂತ ಬಿಡಿಸಿ ತಿಳಿಸಬೇಕು. ಜಗಲಿಯಲ್ಲಿ, ಸಂತೆಯಲ್ಲಿ, ಹೊಲದ ಬದಿಯಲ್ಲಿ ಹಾಗೆ ತಿಳಿಸಿದವರು ಎಷ್ಟು ಮಂದಿಯೋ. ಮುಖಪುಟದಲ್ಲಿ ಇರುವುದು ಒಂದೇ ಹೆಸರು.

ಮಾತು ಕಲಿತರು, ಸರಿ. ಊರಿನ ಬಾಳು ತಿಳಿಯಿತೇ? ಈ ಪ್ರಶ್ನೆಯನ್ನು ತುಳುನಾಡಿನಲ್ಲೇ ಕೇಳಬೇಕು. ‘ಬೂತ’ ಅನ್ನುವ ಒಂದು ಪದ ಸಾಕು. ತುಳುವರಿಗೆ ಬೂತ ಅಂದರೆ ದೈವ. ಊರು ಕಾಯುತ್ತದೆ, ಬೆಳೆಗೆ ಕಾವಲಿರುತ್ತದೆ. ಕೋಲದ ರಾತ್ರಿ, ಅಂದರೆ ವೇಷ ಕಟ್ಟಿದವನ ಮೈಮೇಲೆ ದೈವ ಬರುವ ಆರಾಧನೆಯ ರಾತ್ರಿ, ಜನ ಅದರ ಮುಂದೆ ನಿಂತು ಜಾಗದ ತಕರಾರು, ಅಣ್ಣತಮ್ಮಂದಿರ ಜಗಳ ಹೇಳಿಕೊಳ್ಳುತ್ತಾರೆ. ದೈವ ನುಡಿ ಕೊಡುತ್ತದೆ. ಕೆಲವೊಮ್ಮೆ ಗುತ್ತಿನ (ಊರಿನ ದೊಡ್ಡ ಮನೆತನದ) ಯಜಮಾನನನ್ನೇ ಗದರುತ್ತದೆ. ಮಿಶನರಿಗಳ ಬರಹದಲ್ಲಿ ಇದೇ ಬೂತ ಸೈತಾನನ ಬಳಗಕ್ಕೆ ಸೇರಿತು. ಶಬ್ದ ತುಳುವಿನದು, ಅರ್ಥ ಅವರ ಊರಿನದು. ಮಿಶನರಿಯಲ್ಲದ ಬ್ರಿಟಿಷ್ ಅಧಿಕಾರಿ ಬರ್ನೆಲ್ ಅವರ ಸಂಗ್ರಹವೂ 1894ರಿಂದ ಅಚ್ಚಾಗುವಾಗ ‘ತುಳುವರ ದೆವ್ವ ಪೂಜೆ’ ಅನ್ನುವ ಅರ್ಥದ ಇಂಗ್ಲಿಷ್ ಹೆಸರನ್ನೇ ಹೊತ್ತು ಬಂತು. ಆ ಹೆಸರು ತುಂಬಾ ದಿನ ಬಾಳಿತು. ಅದನ್ನು ಓದಿದಾಗ ನನಗೆ ಈಗಲೂ ಬೇಜಾರಾಗುತ್ತದೆ.

ಆದರೆ ಕತೆ ಅಷ್ಟಕ್ಕೇ ನಿಲ್ಲುವುದಿಲ್ಲ. ಅದೇ ಬಾಸೆಲ್ ಮಿಶನ್ನಿನ ಮ್ಯಾನರ್, ಬೂತಗಳ ಹುಟ್ಟು ಮತ್ತು ಸಂಚಾರ ಹಾಡುವ ಪಾಡ್ದನಗಳನ್ನು ಬರೆದಿಟ್ಟುಕೊಂಡು 1886ರಲ್ಲಿ ಪುಸ್ತಕ ಮಾಡಿದರು. ಅವರ ತುಳು ನಿಘಂಟು ಬಂದದ್ದೂ ಅದೇ ವರ್ಷ. ಬಿಡಿಸಬೇಕೆಂದು ಹೊರಟ ನಂಬಿಕೆಯ ಹಾಡನ್ನೇ ಕೂತು ಬರೆದುಕೊಂಡದ್ದು. ಪಾಡ್ದನ ಸುಮ್ನೆ ಓದಿ ಮುಗಿಸುವ ಪದ್ಯವಲ್ಲ. ನೇಜಿ (ಭತ್ತದ ಸಸಿ) ನೆಡುವಾಗ ಹೆಂಗಸರು ಹಾಡುತ್ತಾರೆ. ಕೋಲಕ್ಕೆ ಮುಂಚೆ ತೆಂಬರೆ ಅನ್ನುವ ಚರ್ಮವಾದ್ಯ ಬಡಿಯುತ್ತಾ ದೈವ ಕಟ್ಟುವವರ ಮನೆಯವರು ಹಾಡುತ್ತಾರೆ. ಊರು ಅವರನ್ನು ಅಂಗಳದ ಆಚೆ ನಿಲ್ಲಿಸಿತ್ತು. ತುಳುವಿನ ದೊಡ್ಡ ಗಂಟು ಮಾತ್ರ ಅವರ ಬಾಯಲ್ಲೇ ಇತ್ತು.

1914ರಲ್ಲಿ ಯುದ್ಧ ಶುರುವಾಯಿತು. ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿಟ್ಟರು, ಕಾರ್ಖಾನೆಗಳು ಕೈ ಬದಲಾದವು. ಆಮೇಲೆ ಸ್ವಾತಂತ್ರ್ಯ, ಏಕೀಕರಣ. 2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆ ಕಾಯ್ದೆ ಬಂತು, 2023ರಲ್ಲಿ ಅದನ್ನು ಹಿಂಪಡೆಯಲು ಸಂಪುಟ ತೀರ್ಮಾನಿಸಿತು. ಪ್ರತಿ ಸಲವೂ ಹಳೆಯ ಪಾದ್ರಿಗಳ ಹೆಸರು ಒಬ್ಬರ ಕೈಯಲ್ಲಿ ಹಾರ, ಇನ್ನೊಬ್ಬರ ಕೈಯಲ್ಲಿ ಕಲ್ಲು.

ಈ ನಡುವೆ ಉಡುಪಿಯಲ್ಲಿ ಬೇರೊಂದು ಕೆಲಸ ನಡೆಯಿತು. ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಆರು ಸಂಪುಟಗಳ ತುಳು ನಿಘಂಟು 1988ರಿಂದ 1997ರವರೆಗೆ ಹೊರಬಂತು. ಅದಕ್ಕೆ ಪದ ಹುಡುಕಲು ಹೊರಟವರೂ ಮತ್ತೆ ಹಳ್ಳಿಗೇ ಹೋದರು. ಪಾಡ್ದನ ಬಲ್ಲವರ, ಗದ್ದೆ ಕೆಲಸದವರ ಮಾತು ಕೇಳಿದರು. ಬೂತವನ್ನು ದೆವ್ವ ಅಂದುಕೊಂಡು ಹೋಗುವ ಅಗತ್ಯ ಅವರಿಗಿರಲಿಲ್ಲ. ಹಾಗಂತ ಮ್ಯಾನರ್ ಅವರ ನಿಘಂಟನ್ನೂ ಅವರು ಬದಿಗಿಡಲಿಲ್ಲ.