ಉದ್ಯೋಗ ಬಿಡದೆ ಪೋಕರ್‌ನಲ್ಲಿ ನುರಿತವರಾಗಲು ಸಾಧ್ಯವೇ?

ಓದುಗರ ಪ್ರಶ್ನೆ: ತೀರ್ಥಹಳ್ಳಿಯ ಕಡೆಯ ಮದುವೆಮನೆಗಳಲ್ಲಿ ಇಪ್ಪತ್ತೆಂಟು, ರಮ್ಮಿ ಆಡುತ್ತ ಬೆಳೆದವನು ನಾನು. ಈಗ ಶಿವಮೊಗ್ಗದಲ್ಲಿ ಉದ್ಯೋಗದಲ್ಲಿದ್ದು, ಪೋಕರ್ ಕಲಿಯುತ್ತಿದ್ದೇನೆ. ಅದನ್ನು ವೃತ್ತಿಯಾಗಿಸಿಕೊಳ್ಳುವ ಇಚ್ಛೆಯಿಲ್ಲ. ಹವ್ಯಾಸವಾಗಿಯೇ ಆಡುತ್ತ ಸ್ಪರ್ಧೆಯ ಮಟ್ಟಕ್ಕೆ ಏರಬಹುದೇ? ನನ್ನ ಆಟ ಸುಧಾರಿಸುತ್ತಿದೆ ಎಂದು ತಿಳಿಯುವುದು ಹೇಗೆ?

ಉತ್ತರ: ಏರಬಹುದು. ಆದರೆ ನಿಮ್ಮ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವಾದದ್ದು, ಏಕೆಂದರೆ ಪೋಕರ್‌ನಲ್ಲಿ ಗೆಲುವು ಸೋಲುಗಳ ಲೆಕ್ಕದಿಂದ ಹವ್ಯಾಸಿಗೆ ತನ್ನ ಆಟದ ಮಟ್ಟ ಸುಲಭವಾಗಿ ತಿಳಿಯುವುದಿಲ್ಲ.

ಪ್ರತಿಯೊಬ್ಬರ ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಇರುವ ಟೆಕ್ಸಾಸ್ ಹೋಲ್ಡೆಮ್ ಎಂಬ ಪೋಕರ್ ಬಗೆಯ ಒಂದು ಸನ್ನಿವೇಶವನ್ನು ನೋಡೋಣ. ನಿಮ್ಮ ಕೈಯಲ್ಲಿ ಎರಡು ಆಟಿನ್ ಎಲೆಗಳಿವೆ. ಮೇಜಿನ ಮೇಲೆ ತೆರೆದಿರುವ ನಾಲ್ಕರಲ್ಲಿ ಇನ್ನೆರಡು ಆಟಿನ್. ಕೊನೆಯ ಎಲೆಯೂ ಆಟಿನ್ ಆದರೆ ಒಂದೇ ಜಾತಿಯ ಐದು ಎಲೆಗಳು (ಫ್ಲಶ್) ಕೂಡಿ ನೀವು ಗೆಲ್ಲುತ್ತೀರಿ, ಇಲ್ಲವಾದರೆ ಸೋಲುತ್ತೀರಿ ಎಂದಿಟ್ಟುಕೊಳ್ಳಿ. ನಿಮಗೆ ಕಾಣದ 46 ಎಲೆಗಳಲ್ಲಿ 9 ಆಟಿನ್ ಉಳಿದಿವೆ, ಅಂದರೆ ಸರಿಸುಮಾರು ಐದರಲ್ಲಿ ಒಂದು ಅವಕಾಶ. ಮೇಜಿನ ನಡುವೆ ಪಣವಾಗಿ 500 ಚಿಪ್‌ಗಳು (ಪಣದ ಬಿಲ್ಲೆಗಳು) ಇರುವಾಗ ಎದುರಾಳಿ 100 ಹಾಕಿದರೆ, ನೀವು 100 ಕೊಟ್ಟು 600ಕ್ಕಾಗಿ ಆಡುತ್ತೀರಿ. ಏಳರಲ್ಲಿ ಒಮ್ಮೆ ಗೆದ್ದರೂ ನಷ್ಟವಿಲ್ಲ, ಹಾಗಾಗಿ ಮುಂದುವರಿಯುವುದು ಸರಿ. ಅವರು 500 ಹಾಕಿದರೆ ಮೂರರಲ್ಲಿ ಒಮ್ಮೆ ಗೆಲ್ಲಬೇಕಾಗುತ್ತದೆ. ಆಗ ಎಲೆ ಕೆಳಗಿಡುವುದೇ ಸರಿ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಮೊದಲನೆಯ ಸರಿಯಾದ ನಿರ್ಧಾರವೂ ಐದರಲ್ಲಿ ನಾಲ್ಕು ಸಲ ಸೋಲುತ್ತದೆ. ಜೋಡಿ ಎಕ್ಕ ಹಿಡಿದವರು ಜೋಡಿ ರಾಜನ ಎದುರು ಮೊದಲೇ ಎಲ್ಲ ಚಿಪ್‌ಗಳನ್ನು ಒಡ್ಡಿದರೂ ನೂರರಲ್ಲಿ ಸುಮಾರು 18 ಬಾರಿ ಸೋಲುತ್ತಾರೆ. ಆ ಜೋಡಿ ಎಕ್ಕವಾದರೂ ಕೈಗೆ ಬರುವುದು ಸರಾಸರಿ 221 ಹಂಚಿಕೆಗಳಿಗೊಮ್ಮೆ.

ವೃತ್ತಿಪರರು ಆಡುವ ಹಂಚಿಕೆಗಳ ಸಂಖ್ಯೆ ಬಹಳ ದೊಡ್ಡದಾದುದರಿಂದ ಅದೃಷ್ಟದ ಏರಿಳಿತ ಕ್ರಮೇಣ ಸಮನಾಗಿ, ಕೌಶಲ ಲೆಕ್ಕಕ್ಕೆ ಸಿಗುತ್ತದೆ. ಭಾನುವಾರವಷ್ಟೇ ಆಡುವವರಿಗೆ ಅಷ್ಟು ಸಂಖ್ಯೆ ಎಂದೂ ಒದಗುವುದಿಲ್ಲ. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಅಮೆರಿಕದ ಲೆಕ್ಕಿಗರು 839 ಜನರಿದ್ದ ಪೋಕರ್ ವಿಶ್ವ ಸರಣಿಯ (ವರ್ಲ್ಡ್ ಸೀರೀಸ್ ಆಫ್ ಪೋಕರ್) ಮುಖ್ಯ ಸ್ಪರ್ಧೆಯನ್ನು ಗೆದ್ದು 25 ಲಕ್ಷ ಡಾಲರ್ ಪಡೆದರು. ಅದು ನಿಜಕ್ಕೂ ದೊಡ್ಡ ಸಾಧನೆ. ಆದರೂ ಒಂದೇ ಸ್ಪರ್ಧೆಯ ಗೆಲುವನ್ನು ನಂಬಿ ಕೆಲಸ ಬಿಡುವುದು ಬೇಡವೆಂದೇ ನಾನು ಹೇಳುತ್ತೇನೆ.

ಹವ್ಯಾಸಿಗಿರುವ ಅನುಕೂಲ ಬೇರೆಯದು. ಮನೆಯ ಖರ್ಚು ಈ ಆಟದಿಂದ ಹುಟ್ಟಬೇಕಾಗಿಲ್ಲವಾದ್ದರಿಂದ, ಒಂದೇ ಹಂಚಿಕೆಯನ್ನು ಹಿಡಿದು ಎರಡು ಸಂಜೆ ಯೋಚಿಸುವ ಬಿಡುವು ಅವರಿಗಿದೆ. ಕಷ್ಟವೆನಿಸಿದ ನಿರ್ಧಾರಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಿ: ನಡುವೆ ಎಷ್ಟಿತ್ತು, ಯಾರು ಎಷ್ಟು ಹಾಕಿದರು, ಎದುರಾಳಿಯ ಕೈಯಲ್ಲಿ ಏನಿರಬಹುದೆಂದು ಊಹಿಸಿದಿರಿ. ಗೆಳೆಯರೊಂದಿಗೆ ಚರ್ಚಿಸುವಾಗ ಕೊನೆಗೆ ಏನಾಯಿತೆಂಬುದನ್ನು ಮಾತ್ರ ಹೇಳಬೇಡಿ. ಅದು ತಿಳಿದೊಡನೆ ಎಲ್ಲರ ಅಭಿಪ್ರಾಯವೂ ಫಲಿತಾಂಶದ ಕಡೆಗೆ ವಾಲುತ್ತದೆ.

ಹಣದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆಯು, ಕೌಶಲದ ಆಟವೇ ಆಗಲಿ ಅದೃಷ್ಟದ ಆಟವೇ ಆಗಲಿ, ಹಣವಿಟ್ಟು ಆನ್‌ಲೈನ್‌ನಲ್ಲಿ ಆಡಿಸುವುದನ್ನು ನಿಷೇಧಿಸುತ್ತದೆ. ಆದ್ದರಿಂದ ಮೊಬೈಲ್‌ನಲ್ಲಿ ಹಣ ಕಟ್ಟಿ ಅಭ್ಯಾಸ ಮಾಡುವ ಯೋಚನೆ ಬೇಡ.

ಹಣವಿಲ್ಲದೆಯೂ ಗಂಭೀರವಾಗಿ ಸ್ಪರ್ಧಿಸಲು ಮ್ಯಾಚ್ ಪೋಕರ್ ಎಂಬ ಪದ್ಧತಿಯಿದೆ. ಅದರಲ್ಲಿ ಬೇರೆ ಬೇರೆ ಮೇಜುಗಳ ಒಂದೇ ಕ್ರಮಾಂಕದ ಆಸನದಲ್ಲಿ ಕುಳಿತವರಿಗೆ ಒಂದೇ ಎಲೆಗಳು ಬರುತ್ತವೆ. ಅದೇ ಎಲೆಗಳಿಂದ ಯಾರು ಹೆಚ್ಚು ಸಾಧಿಸಿದರು ಎಂಬುದರ ಮೇಲೆ ಅಂಕ ಬೀಳುತ್ತದೆ. ಎಂಟು ಜನ ಗೆಳೆಯರು, ಎರಡು ಕಟ್ಟು ಇಸ್ಪೀಟೆಲೆ ಮತ್ತು ಎರಡೂ ಕಟ್ಟುಗಳನ್ನು ಒಂದೇ ಕ್ರಮದಲ್ಲಿ ಜೋಡಿಸಿಕೊಡುವ, ತಾನು ಆಡದ ಒಬ್ಬ ವ್ಯಕ್ತಿ ಇದ್ದರೆ ಮಳೆಗಾಲದ ಒಂದು ಮಧ್ಯಾಹ್ನ ಇದನ್ನು ತೀರ್ಥಹಳ್ಳಿಯ ಮನೆಯ ಜಗಲಿಯಲ್ಲೇ ನಡೆಸಬಹುದು. ನಾಲ್ಕು ನಾಲ್ಕು ಜನರ ಎರಡು ಮೇಜು ಮಾಡಿ, ಪ್ರತಿ ಹಂಚಿಕೆಗೂ ಎಲ್ಲರಿಗೂ ಸಮನಾದ ಚಿಪ್ ಕೊಟ್ಟು, ಮುಗಿದೊಡನೆ ಎರಡೂ ಮೇಜಿನ ಲೆಕ್ಕವನ್ನು ಪಕ್ಕಪಕ್ಕದಲ್ಲಿ ಬರೆಯಿರಿ. ನೀವು ಕೆಳಗಿಟ್ಟ ಎಲೆಗಳಿಂದಲೇ ಇನ್ನೊಂದು ಮೇಜಿನ ಅದೇ ಆಸನದವರು ಗೆದ್ದಿದ್ದರೆ, ಅವರು ಎಲ್ಲಿ ಬೇರೆ ದಾರಿ ಹಿಡಿದರೆಂದು ಅಲ್ಲಿಯೇ ಕೇಳಿ ತಿಳಿಯಬಹುದು.