ಪ್ರತಿ ಸಲ ಬೇರೆ ನಂಬರ್, ಆದರೂ ಮೊದಲೇ ಗೊತ್ತಿರುವ ನಂಬರ್

ಕಲಬುರಗಿಯ ತೊಗರಿ ಮಾರುಕಟ್ಟೆಗೆ ಒಂದು ಸಾಫ್ಟ್‌ವೇರ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ತೊಗರಿ ತಂದ ಪ್ರತಿ ರೈತರಿಗೂ ಒಂದು ನೋಂದಣಿ ನಂಬರ್. ಒಂದೇ ನಂಬರ್ ಇಬ್ಬರಿಗೆ ಹೋಗಬಾರದು. ಇದನ್ನು ಪರೀಕ್ಷಿಸಲು ಒಂದು ಟೆಸ್ಟ್, ಅಂದರೆ ಸಾಫ್ಟ್‌ವೇರ್ ಸರಿಯಾಗಿದೆಯೇ ಅಂತ ತಾನೇ ನೋಡುವ ಸಣ್ಣ ಪ್ರೋಗ್ರಾಂ, ಬರೆಯುತ್ತೀರಿ: 1001 ನಂಬರಿನ ರೈತರನ್ನು ಸೇರಿಸು, ಚೀಲದ ತೂಕ ಹಾಕು, ಬಿಲ್ ತೆಗೆ. ಮೊದಲ ಸಲ ಪಾಸ್. ಎರಡನೇ ಸಲ ಫೇಲ್, ಯಾಕೆಂದರೆ 1001 ಆಗಲೇ ಡೇಟಾಬೇಸ್‌ನಲ್ಲಿ ಕೂತಿದೆ.

ಸರಿ, ಸುಮ್ನೆ ರ‍್ಯಾಂಡಮ್ ನಂಬರ್ ಕೊಟ್ಟರಾಯ್ತು, ಅಲ್ವಾ? ಆಗಲ್ಲ. ಹತ್ತು ಸಾವಿರ ನಂಬರ್‌ಗಳಿಂದ ಮನಸ್ಸಿಗೆ ಬಂದಂತೆ 120 ಎತ್ತಿದರೆ, ಯಾವುದೋ ಎರಡು ಒಂದೇ ಆಗುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಅದಕ್ಕಿಂತ ದೊಡ್ಡ ತಲೆನೋವು ಬೇರೆ ಇದೆ. ಇವತ್ತು ಫೇಲ್ ಆದ ಟೆಸ್ಟ್ ನಾಳೆ ಪಾಸ್ ಆಗುತ್ತದೆ, ತಪ್ಪು ಕೈಗೇ ಸಿಗುವುದಿಲ್ಲ.

ಹಾಗಾದರೆ 1, 2, 3 ಅಂತ ಎಣಿಸುತ್ತಾ ಹೋಗೋಣವೇ? ಬಹಳ ಕಡೆ ಇದೇ ಸಾಕು. ಆದರೆ "ಎಲ್ಲಕ್ಕಿಂತ ದೊಡ್ಡ ನಂಬರ್ ಯಾರದೋ ಅವರೇ ಕೊನೆಗೆ ಬಂದವರು" ಅಂತ ಯಾರೋ ತಪ್ಪು ಕೋಡ್ ಬರೆದಿದ್ದರೆ, ಸಾಲಾಗಿ ಬರುವ ನಂಬರ್‌ಗಳಲ್ಲಿ ಆ ತಪ್ಪು ಕಾಣುವುದೇ ಇಲ್ಲ.

ಇಲ್ಲಿ ಗಣಿತದ ಒಂದು ಹಳೆಯ ಉಪಾಯ ಕೆಲಸಕ್ಕೆ ಬರುತ್ತದೆ. 1949ರಲ್ಲಿ ಅಮೆರಿಕದ ಗಣಿತಜ್ಞ ಡಿ. ಎಚ್. ಲೆಹ್ಮರ್ ಇದನ್ನು ಮುಂದಿಟ್ಟರು. ಪೆನ್ನು ಹಿಡಿದು ನೀವೇ ಮಾಡಿ ನೋಡಿ. 1ರಿಂದ ಶುರು ಮಾಡಿ. 3ರಿಂದ ಗುಣಿಸಿ, 7ರಿಂದ ಭಾಗಿಸಿ, ಶೇಷವನ್ನು ಮಾತ್ರ ಇಟ್ಟುಕೊಳ್ಳಿ. ಆ ಶೇಷಕ್ಕೆ ಮತ್ತೆ ಅದೇ ಲೆಕ್ಕ. 3, 2, 6, 4, 5, 1 ಬರುತ್ತದೆ. 1ರಿಂದ 6ರವರೆಗೆ ಎಲ್ಲವೂ ಬಂದವು, ಯಾವುದೂ ಎರಡು ಸಲ ಬರಲಿಲ್ಲ. ನೋಡಲು ಅಡ್ಡಾದಿಡ್ಡಿ, ಆದರೆ ನಾಳೆ ಮಾಡಿದರೂ ಇದೇ ಸಾಲು! ಎಷ್ಟು ಸಲ ಮಾಡಿದರೂ ನನಗೆ ಇದು ಸೊಗಸಾಗಿಯೇ ಕಾಣುತ್ತದೆ.

7 ಬದಲು 2147483647, 3 ಬದಲು 16807 ಹಾಕಿ. ಈಗ 214 ಕೋಟಿಗೂ ಜಾಸ್ತಿ ನಂಬರ್ ಬರುವವರೆಗೆ ಒಂದೂ ಮರುಕಳಿಸುವುದಿಲ್ಲ. ಪ್ರತಿ ರನ್, ಅಂದರೆ ಟೆಸ್ಟ್ ಒಂದು ಸಲ ಓಡುವುದು, ಮುಗಿದಾಗ ಕೊನೆಯ ನಂಬರ್ ಬರೆದಿಡಿ, ಮುಂದಿನ ರನ್ ಅಲ್ಲಿಂದ ಶುರುವಾಗಲಿ. ಹಳೆಯ ರೈತರ ಜೊತೆ ಡಿಕ್ಕಿಯಾಗುವುದಿಲ್ಲ. ಟೆಸ್ಟ್ ಫೇಲ್ ಆದರೆ, ಆ ರನ್ ಶುರುವಾದ ನಂಬರನ್ನು ಖಾಲಿ ಡೇಟಾಬೇಸ್ ಜೊತೆ ಮತ್ತೆ ಕೊಡಿ. ಅವೇ ರೈತರು, ಅದೇ ಸಾಲು, ಅದೇ ತಪ್ಪು ಮತ್ತೆ ಕಣ್ಣೆದುರು ಬರುತ್ತದೆ.