ಉರಿಯುವ ಬೆಂಕಿಗೆ ತುಪ್ಪವಾಗುವ ಮೊದಲ ಹೇಳಿಕೆ

ಹರಿಹರದ ಎದುರು ದಡದ ಕುಮಾರಪಟ್ಟಣಂನ ಪಾಲಿಫೈಬರ್ಸ್ ಕಾರ್ಖಾನೆಯ ತ್ಯಾಜ್ಯದಿಂದ ತುಂಗಭದ್ರೆಯ ಮೀನು ಸಾಯುತ್ತಿವೆ ಎಂಬ ಕೂಗು 1980ರ ದಶಕದಲ್ಲಿ ಎದ್ದಿತು. ದೂರು ನದಿಯಲ್ಲೇ ನಿಲ್ಲಲಿಲ್ಲ. ಕಾರ್ಖಾನೆಗೆ ಮರ ಒದಗಿಸಲು ಸರ್ಕಾರಿ ಪಾಲುದಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಹುಟ್ಟಿ, ಸುಮಾರು 30,000 ಹೆಕ್ಟೇರ್ ಜಮೀನು ಅದಕ್ಕೆ ಹೋಗುತ್ತದೆಂದು ತಿಳಿದಾಗ ಹಳ್ಳಿಗಳು ಎದ್ದವು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ಆ ಕಂಪನಿಯ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಅದೇ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ. 1991ರಲ್ಲಿ ಆ ಜಂಟಿ ಕಂಪನಿ ಮುಚ್ಚಿತು. ಬಗೆಹರಿಯದ ಒಂದು ದೂರು ಮುಂದಿನ ದೂರಿಗೆ ಬಲ ಕೊಡುತ್ತದೆ. ಸಾರ್ವಜನಿಕ ಸಂಪರ್ಕದ ಬಿಕ್ಕಟ್ಟು ಬೆಳೆಯುವುದೇ ಹೀಗೆ.

ಕೆಟ್ಟ ಸುದ್ದಿಯನ್ನು ಕಂಪನಿಯೇ ಮೊದಲು ಹೇಳಬೇಕೆಂಬ ತಿಳಿವಳಿಕೆ ಹಳೆಯದು. 1906ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿ ಬಳಿ ರೈಲು ನೀರಿಗುರುಳಿ 50ಕ್ಕೂ ಹೆಚ್ಚು ಮಂದಿ ಸತ್ತಾಗ, ಪ್ರಚಾರ ಸಲಹೆಗಾರ ಐವಿ ಲೀ ರೈಲ್ವೆ ಕಂಪನಿಯ ಪರವಾಗಿ ಪತ್ರಿಕೆಗಳಿಗೆ ಲಿಖಿತ ಹೇಳಿಕೆ ಕೊಟ್ಟರು. 1982ರಲ್ಲಿ ಶಿಕಾಗೋದಲ್ಲಿ ಯಾರೋ ಟೈಲೆನಾಲ್ ಎಂಬ ನೋವು ನಿವಾರಕ ಕ್ಯಾಪ್ಸೂಲ್‌ಗೆ ಸೈನೈಡ್ ಬೆರೆಸಿ ಏಳು ಜನ ಸತ್ತರು. ತಪ್ಪು ತನ್ನದಲ್ಲದಿದ್ದರೂ ಅದನ್ನು ತಯಾರಿಸುತ್ತಿದ್ದ ಜಾನ್ಸನ್ ಆ್ಯಂಡ್ ಜಾನ್ಸನ್ ಸುಮಾರು 3.1 ಕೋಟಿ ಬಾಟಲಿ ಹಿಂಪಡೆದು, ಮೂರು ಪದರದ ಸೀಲ್ ಹಾಕಿ ಮರಳಿತು.

ನಮ್ಮ ದೇಶದ ಪಾಠಗಳು ಇನ್ನೂ ಹತ್ತಿರದವು. 2003ರಲ್ಲಿ ಕ್ಯಾಡ್ಬರಿ ಚಾಕೊಲೇಟ್‌ನಲ್ಲಿ ಹುಳು ಸಿಕ್ಕಾಗ ಕಂಪನಿ ಅಂಗಡಿಯ ದಾಸ್ತಾನಿನತ್ತ ಬೆರಳು ತೋರಿಸಿತು. ಅಧಿಕಾರಿಗಳು ಪ್ಯಾಕಿಂಗ್ ಏಕೆ ಇಷ್ಟು ಸಡಿಲ ಎಂದರು. ಹೊಸ ಪ್ಯಾಕಿಂಗ್ ಬಂದದ್ದು 2004ರಲ್ಲಿ. ಸೀಸ ಹೆಚ್ಚಿದೆ ಎಂದು ನೂಡಲ್ಸ್ ನಿಷೇಧವಾದ 2015ರ ಮ್ಯಾಗಿ ಪ್ರಕರಣದಲ್ಲಿ ನೆಸ್ಲೆ ಬಾಂಬೆ ಹೈಕೋರ್ಟ್‌ನಲ್ಲಿ ಗೆದ್ದಿತು. ಆದರೂ ಜೂನ್‌ನಿಂದ ನವೆಂಬರ್‌ವರೆಗೆ ಅಂಗಡಿಯಲ್ಲಿ ಮ್ಯಾಗಿ ಇರಲಿಲ್ಲ. ನ್ಯಾಯಾಲಯದ ವೇಗ ಬೇರೆ, ಗಿರಾಕಿಯ ಭಯದ ವೇಗ ಬೇರೆ.

ಈಗ ದಾವಣಗೆರೆಯ ಒಂದು ಖಾರ ಮಂಡಕ್ಕಿ ಪ್ಯಾಕೆಟ್‌ನಲ್ಲಿ ಏನೋ ಸಿಕ್ಕಿತೆಂಬ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ ಎನ್ನೋಣ. ಮೊದಲು ಪ್ಯಾಕೆಟ್ ಮೇಲಿನ ಬ್ಯಾಚ್ ನಂಬರ್ ಹಿಡಿಯಬೇಕು. ಆ ಬ್ಯಾಚ್ ಜಗಳೂರು, ಹೊನ್ನಾಳಿ, ಹೊಳಲ್ಕೆರೆಯ ಯಾವ ಅಂಗಡಿಗೆ ಹೋಯಿತೆಂಬ ಲೆಕ್ಕ ಇದ್ದರೆ ಅಷ್ಟನ್ನೇ ವಾಪಸ್ ತರಿಸಬಹುದು. ಸಣ್ಣ ಉದ್ಯಮಗಳು ಎಡವುವುದು ಇಲ್ಲೇ: ಮುದ್ರೆ ಸರಿಯಿಲ್ಲದಿದ್ದರೆ, ಬಿಲ್ಲಿನಲ್ಲಿ ಬ್ಯಾಚ್ ಬರೆಯದಿದ್ದರೆ, ತಿಂಗಳ ಮಾಲೆಲ್ಲ ಅನುಮಾನಕ್ಕೆ ಬೀಳುತ್ತದೆ. ಅದೇ ಬ್ಯಾಚಿನ ಮಾದರಿಯನ್ನು ಎರಡು ಪಾಲು ಮಾಡಿ ಸೀಲ್ ಹಾಕಿ, ಒಂದನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ, ಇನ್ನೊಂದನ್ನು ಇಟ್ಟುಕೊಳ್ಳಬೇಕು. 2006ರ ಆಹಾರ ಸುರಕ್ಷತಾ ಕಾಯ್ದೆಯ 28ನೇ ಕಲಂ ಪ್ರಕಾರ, ಮಾಲು ನಿಯಮಕ್ಕೆ ತಕ್ಕಂತಿಲ್ಲ ಎನ್ನಲು ಕಾರಣವಿದ್ದರೆ ತಕ್ಷಣ ಹಿಂಪಡೆದು ಅಧಿಕಾರಿಗಳಿಗೆ ತಿಳಿಸುವುದು ಮಾಲೀಕರ ಕರ್ತವ್ಯ.

ಹೇಳಿಕೆಗೆ ನಾಲ್ಕೇ ವಾಕ್ಯ ಸಾಕು: ಗೊತ್ತಿರುವುದೇನು, ಗೊತ್ತಿಲ್ಲದ್ದೇನು, ಈಗ ಮಾಡುತ್ತಿರುವುದೇನು, ಮುಂದೆ ಎಷ್ಟು ಗಂಟೆಗೆ ಮಾತಾಡುತ್ತೇವೆ. ಹೊಸ ವಿಷಯ ಇರಲಿ ಬಿಡಲಿ, ಹೇಳಿದ ಗಂಟೆಗೆ ಮಾತಾಡಲೇಬೇಕು. ಮಾತಾಡುವವರು ಒಬ್ಬರೇ ಇರಲಿ. ಆದರೆ ಸಾಲುಸಾಲು ಪ್ರಶ್ನೆಗಳು ಮೊದಲು ಬೀಳುವುದು ಡ್ರೈವರ್, ಅಂಗಡಿ ಅಂಗಡಿಗೆ ಮಾಲು ಹಾಕುವ ಲೈನ್ ಸೇಲ್ಸ್‌ನವರ ಮೇಲೆ, ಹಾಗಾಗಿ ಅದೇ ನಾಲ್ಕು ವಾಕ್ಯ ಅವರ ಕೈಗೂ ತಲುಪಬೇಕು.

‘ನಮ್ಮಲ್ಲಿ ಹೀಗಾಗಲು ಸಾಧ್ಯವೇ ಇಲ್ಲ’ ಎಂಬ ಮಾತು ಅತಿ ಅಪಾಯಕಾರಿ, ಏಕೆಂದರೆ ಎರಡನೇ ಪ್ಯಾಕೆಟ್ ಸಿಕ್ಕ ದಿನ ಮಾಲೀಕರು ಸುಳ್ಳುಗಾರರಾಗುತ್ತಾರೆ. ವಿಡಿಯೊ ಮಾಡಿದವರಿಗೆ ಅವಸರದಲ್ಲಿ ವಕೀಲರ ನೋಟಿಸ್ ಕಳಿಸಿದರೆ ಆ ನೋಟಿಸ್ ಕೂಡ ಸುದ್ದಿಯಾಗುತ್ತದೆ. ಅವರ ಮನೆಗೆ ಹೋಗಿ ಪ್ಯಾಕೆಟ್ ನೋಡುವುದು ಮೇಲು. ದುಡ್ಡು ಕೊಟ್ಟು ಬಾಯಿ ಮುಚ್ಚಿಸುವ ಮಾತು ಮಾತ್ರ ಎತ್ತಬಾರದು. ಕೊನೆಗೆ ಎಷ್ಟು ಪ್ಯಾಕೆಟ್ ಹೋಗಿತ್ತು, ಎಷ್ಟು ವಾಪಸ್ ಬಂತು, ಪ್ರಯೋಗಾಲಯ ಏನೆಂದಿತು ಎಂಬ ಮೂರನ್ನೂ, ಫಲಿತಾಂಶ ತಮಗೆ ವಿರುದ್ಧವಾಗಿದ್ದರೂ, ಮಾಲು ಮಾರಿದ ಪ್ರತಿ ಅಂಗಡಿಯಲ್ಲಿ ಕನ್ನಡದಲ್ಲಿ ಅಂಟಿಸಬೇಕು.